ಹೊಲಿಗೆಯಲ್ಲಿ ಉಳಿದ ಊರುಗಳು

ಮರಾಷ್, ಐಂತಾಬ್, ಊರ್ಫಾ. ಇವು ಇಂದಿನ ತುರ್ಕಿ ದೇಶದ ದಕ್ಷಿಣ ಭಾಗದಲ್ಲಿರುವ ಊರುಗಳು. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಇಲ್ಲಿ ಅರ್ಮೇನಿಯನ್ ಕ್ರೈಸ್ತರು ದೊಡ್ಡ ಸಂಖ್ಯೆಯಲ್ಲಿ ಬಾಳುತ್ತಿದ್ದರು. ಈಗ ಆ ಸಮುದಾಯಗಳು ಅಲ್ಲಿಲ್ಲ. ಆದರೆ ಅರ್ಮೇನಿಯನ್ ಮನೆಗಳಲ್ಲಿ ಈ ಹೆಸರುಗಳು ಇನ್ನೂ ದಿನಬಳಕೆಯ ಮಾತು, ಏಕೆಂದರೆ ಇವು ಹೊಲಿಗೆಗಳ ಹೆಸರೂ ಹೌದು. ಅಜ್ಜಿ ಮೊಮ್ಮಗಳಿಗೆ ಸೂಜಿ ಹಿಡಿಸಿ, "ಇದು ಮರಾಷ್, ಇದು ಐಂತಾಬ್" ಎಂದು ತೋರಿಸಿಕೊಡುತ್ತಾಳೆ.

ಅರ್ಮೇನಿಯನ್ನರು ತಮ್ಮ ವಿಶ್ವಾಸದ ಮೂಲವನ್ನು ಪ್ರೇಷಿತರಾದ ತದ್ದೇಯ ಮತ್ತು ಬಾರ್ತಲೋಮಿಯರಲ್ಲಿ ಕಾಣುತ್ತಾರೆ. ಸಂಪ್ರದಾಯದ ಪ್ರಕಾರ, ಸಂತ ಗ್ರೆಗೋರಿಯವರ ಬೋಧನೆಯಿಂದ ಕ್ರಿ.ಶ. 301ರಲ್ಲಿ ಅವರ ಅರಸ ಕ್ರೈಸ್ತಧರ್ಮವನ್ನು ರಾಜ್ಯದ ಧರ್ಮವಾಗಿ ಸ್ವೀಕರಿಸಿದ. ಹೀಗಾಗಿ ಅವರ ಮನೆಯ ಬಟ್ಟೆಗಳಲ್ಲೂ ಶಿಲುಬೆ ಕಾಣುತ್ತದೆ. ಆದರೆ ಅದು ಬರಿಯ ಎರಡು ಗೆರೆಗಳ ಶಿಲುಬೆಯಲ್ಲ. ಅವರ ಕಲ್ಲುಶಿಲುಬೆಗಳಲ್ಲಿ ಹೇಗೋ ಹಾಗೆಯೇ ಹೊಲಿಗೆಯಲ್ಲೂ ಅದರ ಬುಡದಿಂದ ಎಲೆಗಳು ಚಿಗುರುತ್ತವೆ. ಜೊತೆಗೆ ದಾಳಿಂಬೆ, ದ್ರಾಕ್ಷಿ ಗೊಂಚಲು, ಜೀವವೃಕ್ಷ.

ಮಗಳ ಮದುವೆಯ ಪೆಟ್ಟಿಗೆ ತುಂಬಿಸುವುದು ತಾಯಿಯ ಕೆಲಸವಾಗಿತ್ತು. ಕೈವಸ್ತ್ರ, ದಿಂಬಿನ ಚೀಲ, ಮೇಜುಹಾಸು, ಬಟ್ಟೆಗಂಟು ಕಟ್ಟುವ ಚೌಕ ಇವೆಲ್ಲ ಮನೆಯಲ್ಲೇ ತಯಾರಾಗಬೇಕು. ಹುಡುಗಿ ಚಿಕ್ಕವಳಿರುವಾಗಲೇ ಕಲಿಯಲು ಕೂರುತ್ತಿದ್ದಳು.

ಮರಾಷ್ ಹೊಲಿಗೆಯ ರೀತಿ ತಿಳಿಯಲು ಸ್ವಲ್ಪ ತಾಳ್ಮೆ ಬೇಕು. ಮೊದಲು ಬಟ್ಟೆಯ ಮೇಲೆ ಓರೆಯಾಗಿ, ಒಂದನ್ನೊಂದು ದಾಟುವ ಎಳೆಗಳನ್ನು ಹಾಕಿ ಹಂದರ ಕಟ್ಟುತ್ತಾರೆ. ಬಳಿಕ ಎರಡನೆಯ ನೂಲು ಬರುತ್ತದೆ. ಅದು ಬಟ್ಟೆಯನ್ನು ಚುಚ್ಚುವುದೇ ಇಲ್ಲ. ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ, ಬುಟ್ಟಿ ಹೆಣೆದಂತೆ ಹಂದರದೊಳಗೇ ಸುತ್ತಿ ಬರುತ್ತದೆ. ಮುಗಿದಾಗ ಪುಟ್ಟ ಪುಟ್ಟ ಶಿಲುಬೆಗಳು ಒಂದಕ್ಕೊಂದು ಹೆಣೆದುಕೊಂಡು ಎದ್ದು ಕಾಣುತ್ತವೆ. ಬಟ್ಟೆಯನ್ನು ಮಗುಚಿದರೆ ಹಿಂಬದಿಯಲ್ಲಿ ಸಣ್ಣ ಗೀರುಗಳಷ್ಟೇ. ಹಂದರದಲ್ಲಿ ಒಂದು ಎಳೆ ಮೇಲೆ ಬರಬೇಕಾದಲ್ಲಿ ಕೆಳಗೆ ಹೋದರೂ ಹೆಣಿಗೆ ಕೂಡಿ ಬರುವುದಿಲ್ಲ. ಬಿಚ್ಚಿ ಮತ್ತೆ ಹಾಕಬೇಕು. ನಮ್ಮ ದೇಶದ ಕಛ್‌ನ ಹೆಂಗಸರೂ ಇಂಥದೇ ಹೆಣಿಗೆಯ ಹೊಲಿಗೆ ಹಾಕುತ್ತಾರೆ ಎಂಬುದು ಬೆರಗಿನ ಸಂಗತಿ.

ಐಂತಾಬ್ ಹೊಲಿಗೆ ಬೇರೆಯೇ. ಅದು ಬಿಳಿ ಬಟ್ಟೆಯ ಮೇಲೆ ಬಿಳಿ ನೂಲು. ಬಟ್ಟೆಯಿಂದ ಕೆಲವು ಎಳೆಗಳನ್ನು ಎಣಿಸಿ ಹೊರತೆಗೆದು, ಉಳಿದವನ್ನು ಸೂಜಿಯಿಂದ ಕಟ್ಟಿ ಜಾಲರಿ ಮಾಡುತ್ತಾರೆ. ಧಾರವಾಡದ ಕಸೂತಿ ಬಲ್ಲವರಿಗೆ ಎಳೆ ಎಣಿಸುವ ಕಷ್ಟ ಹೇಳಬೇಕಾಗಿಲ್ಲ.

ಅಂಚಿಗೆ ಹಾಕುವ ಲೇಸ್ ಕೂಡ ಬರಿ ಹೊಲಿಗೆ ಸೂಜಿಯ ಕೆಲಸ. ಕ್ರೋಶಾ ಕಡ್ಡಿ ಬೇಡ. ಪ್ರತಿಯೊಂದು ಕುಣಿಕೆಗೂ ಒಂದು ಗಂಟು. ಕ್ರೋಶಾದಲ್ಲಿ ಕೊನೆಯ ಎಳೆ ಎಳೆದರೆ ಸಾಲೆಲ್ಲ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಹಾಗಲ್ಲ, ಒಂದೆಡೆ ಹರಿದರೂ ಉಳಿದ ಗಂಟುಗಳು ನಿಲ್ಲುತ್ತವೆ.

1915ರಲ್ಲಿ ಒಟ್ಟೊಮನ್ ಸರಕಾರ ಅರ್ಮೇನಿಯನ್ನರನ್ನು ಮನೆಗಳಿಂದ ಹೊರಡಿಸಿ ಸಿರಿಯದ ಮರುಭೂಮಿಯತ್ತ ನಡೆಸಿತು. ಕೊಲೆ, ಹಸಿವು, ರೋಗಗಳಿಂದ ಸತ್ತವರ ಸಂಖ್ಯೆ ಸುಮಾರು 15 ಲಕ್ಷ ಎಂದು ಹೇಳಲಾಗುತ್ತದೆ. ಶತಮಾನದ ನೆನಪಿನ ಬಲಿಪೂಜೆಯಲ್ಲಿ, 2015ರ ಏಪ್ರಿಲ್ 12ರಂದು, ಜಗದ್ಗುರು ಫ್ರಾನ್ಸಿಸರು ಇದನ್ನು ನರಮೇಧವೆಂದೇ ಕರೆದರು. ಮದುವೆಯ ಪೆಟ್ಟಿಗೆಗಳು ಹೋದವು. ಬದುಕುಳಿದ ಹೆಂಗಸಿನ ಬಳಿ ಇದ್ದದ್ದು ಕೈ ಮತ್ತು ಕಣ್ಣಿನ ಅಭ್ಯಾಸ ಮಾತ್ರ.

ಊರ್ಫಾದಲ್ಲಿ ಸೇವೆ ಮಾಡಿದ್ದ ಡೆನ್ಮಾರ್ಕಿನ ಕರೆನ್ ಯೆಪ್ಪೆ ಎಂಬಾಕೆ 1921ರಿಂದ ಅಲೆಪ್ಪೊದಲ್ಲಿ ರಾಷ್ಟ್ರಸಂಘದ ಪರವಾಗಿ, ಅಪಹೃತರಾಗಿದ್ದ ಹೆಂಗಸರು ಮಕ್ಕಳನ್ನು ಬಿಡಿಸಿ ತಂದು ಆಶ್ರಯ ಕೊಟ್ಟರು. ಅಲ್ಲಿ ಕಸೂತಿಯ ಕೆಲಸವನ್ನೂ ಆರಂಭಿಸಿದರು. ಹೊಲಿದ ಬಟ್ಟೆಗಳು ಯುರೋಪಿನಲ್ಲಿ ಮಾರಾಟವಾಗುತ್ತಿದ್ದವು. ಸ್ವಂತ ಮನೆಗೆಂದು ತಾಯಿ ಕಲಿಸಿದ ಹೂವು ದಾಳಿಂಬೆಗಳನ್ನು ಈ ಹುಡುಗಿಯರು ಎಂದೂ ನೋಡದ ಮನೆಗಳ ಮೇಜುಗಳಿಗೆ ಹೊಲಿದರು. ಅದರಲ್ಲಿ ಅವಮಾನವೇನಿಲ್ಲ, ಅದು ಅವರ ಅನ್ನ. ಆದರೆ ಆ ಬಟ್ಟೆಗಳ ಮೂಲೆಯಲ್ಲಿ ಹೊಲಿದವಳ ಹೆಸರು ಇರುವುದು ಅಪರೂಪ. ಬಲಿಪೀಠದ ತೆರೆಗಳಲ್ಲಿ ಮಾತ್ರ ದಾನಿಗಳ ಹೆಸರನ್ನು ಅರ್ಮೇನಿಯನ್ ಅಕ್ಷರಗಳಲ್ಲಿ ಬರೆಯುವ ಪದ್ಧತಿಯಿತ್ತು. ಈ ವ್ಯತ್ಯಾಸ ನನಗೆ ನೋವು ತರುತ್ತದೆ.

ನಿರಾಶ್ರಿತರಲ್ಲಿ ಅನೇಕರು ಬೈರೂತಿನ ಪಕ್ಕದ ಬುರ್ಜ್ ಹಮ್ಮೂದ್‌ನಲ್ಲಿ ನೆಲೆಸಿದರು. ಅಲ್ಲಿನ ಕೇರಿಗಳಿಗೆ ತಾವು ಬಿಟ್ಟುಬಂದ ಊರುಗಳ ಹೆಸರಿಟ್ಟರು. ಅವುಗಳಲ್ಲಿ ಒಂದರ ಹೆಸರು ನೋರ್ ಮರಾಷ್, ಅಂದರೆ ಹೊಸ ಮರಾಷ್.