ರದ್ದಾದ ಕಾಯ್ದೆಯ ಬಾಲ ಹಿಡಿದು

ವ್ಯಸನಮುಕ್ತಿ ಕೇಂದ್ರಗಳ ಕಾಗದಪತ್ರ ನೋಡಿಕೊಡುವ ಕೆಲಸ ನನ್ನ ಪಾಲಿಗೆ ಬಂದದ್ದು ಅಚಾನಕ್ಕಾಗಿ. ನನ್ನದು ಜಮೀನು ವ್ಯಾಜ್ಯಗಳ ವಕಾಲತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆ ಹೋಗಿ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಬಂದ ಹೊತ್ತದು. ಮದ್ಯ, ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಹೊಸ ಕಾಯ್ದೆ ಮನೋರೋಗದ ವ್ಯಾಖ್ಯೆಯೊಳಗೆ ಸೇರಿಸಿದೆ. ಹಾಗಾಗಿ ರೋಗಿಗಳನ್ನು ಒಳಗಿಟ್ಟುಕೊಳ್ಳುವ ಕೇಂದ್ರಗಳಿಗೆ ಇದರ ಬಿಸಿ ನೇರವಾಗಿ ತಟ್ಟಿತು. ಆಗ ನಾನು ಕೊಟ್ಟ ಸಲಹೆಗಳನ್ನು ನೆನೆದರೆ ಈಗಲೂ ಮುಜುಗರವಾಗುತ್ತದೆ.

1. ಅಂಕಿತ ಬಿದ್ದ ದಿನವೇ ಹಳೆಯ ಕಾಯ್ದೆ ಸಾಯುವುದಿಲ್ಲ

ಹೊಸ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2017ರ ಏಪ್ರಿಲ್ 7ರಂದು. "ಸಾರ್, ಲೈಸೆನ್ಸ್ ರಿನ್ಯೂವಲ್‌ಗೆ ಹಾಕ್ಬೇಕಾ?" ಎಂದು ಕೇಂದ್ರದ ಮಾಲೀಕರೊಬ್ಬರು ಕೇಳಿದರು. "ಹಳೇ ಕಾಯ್ದೆನೇ ಹೋಯ್ತಲ್ಲ, ಯಾಕೆ ದುಡ್ಡು ದಂಡ?" ಎಂದುಬಿಟ್ಟೆ. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಅಲ್ಲಿಯವರೆಗೆ 1987ರದ್ದೇ ಕಾನೂನು. ಅವರ ಐದು ವರ್ಷದ ಲೈಸೆನ್ಸ್ ಆ ನಡುವೆಯೇ ಮುಗಿದುಹೋಯಿತು. ಹಳೆಯ ಲೈಸೆನ್ಸ್‌ಗಳನ್ನು ಹೊಸ ಕಾಯ್ದೆಯಡಿಯೇ ಕೊಟ್ಟಂತೆ ಭಾವಿಸಬೇಕೆಂದು 126ನೇ ಕಲಂ ಹೇಳುತ್ತದೆ. ಭಾವಿಸುವುದಕ್ಕೆ ಅವರ ಕೈಯಲ್ಲಿ ಲೈಸೆನ್ಸೇ ಇರಲಿಲ್ಲ. ಅವರು ಇಂದಿಗೂ ನನ್ನನ್ನು ಮಾತಾಡಿಸುತ್ತಾರೆ, ಅದು ಅವರ ದೊಡ್ಡತನ.

2. ಲೈಸೆನ್ಸ್ ಉಳಿದ ಮಾತ್ರಕ್ಕೆ ಬೀಗ ಹಾಕುವ ಅಧಿಕಾರ ಉಳಿಯಲಿಲ್ಲ

1987ರ ಕಾಯ್ದೆಯ 19ನೇ ಕಲಮಿನಲ್ಲಿ, ಮನೆಯವರು ಅರ್ಜಿ ಕೊಟ್ಟು ಇಬ್ಬರು ವೈದ್ಯರ ಪ್ರಮಾಣಪತ್ರವಿದ್ದರೆ ರೋಗಿಯನ್ನು 90 ದಿನದವರೆಗೆ ಇಟ್ಟುಕೊಳ್ಳಲು ಅವಕಾಶವಿತ್ತು. ಕೇಂದ್ರಗಳ 'ಮೂರು ತಿಂಗಳ ಕೋರ್ಸ್'ಗೆ ಅದು ಅನುಕೂಲವಾಗಿತ್ತು. 2018ರ ಮೇ ತಿಂಗಳಲ್ಲಿ ಹಾಗೆ ಸೇರಿದ್ದ ಹುಡುಗನೊಬ್ಬ ಜೂನ್ ಕೊನೆಯಲ್ಲಿ "ಮನೆಗೆ ಬಿಡಿ" ಎಂದು ಹಟ ಹಿಡಿದ. ಕೇಂದ್ರದವರು ಫೋನ್ ಮಾಡಿದರು. 126ನೇ ಕಲಮಿನ ಅರ್ಧ ಸಾಲು ಓದಿಕೊಂಡಿದ್ದ ನಾನು, "ಹಳೇ ಕಾಯ್ದೇಲಿ ಮಾಡಿದ್ದೆಲ್ಲ ಸಿಂಧು, 90 ದಿನ ಮುಗೀಲಿ" ಎಂದೆ.

ಸಂಜೆ ನಮ್ಮ ಸೀನಿಯರ್‌ಗೆ ಇದನ್ನು ಜಂಬದಿಂದಲೇ ಹೇಳಿದೆ. ಅವರು ಪುಸ್ತಕ ಎಳೆದುಕೊಂಡು ಅದೇ ಸಾಲಿನ ನಡುವೆ ಪೆನ್ಸಿಲ್ ಇಟ್ಟು, "ಇದನ್ನೂ ಓದಪ್ಪ" ಎಂದರು. ಹೊಸ ಕಾಯ್ದೆಗೆ ಅಸಂಗತವಲ್ಲದಷ್ಟು ಮಾತ್ರ ಉಳಿಯುತ್ತದೆ ಎಂದಿತ್ತು. ಹೊಸ ಕಾಯ್ದೆಯ 89ನೇ ಕಲಮಿನಲ್ಲಿ ಇಂಥ ದಾಖಲಾತಿಗೆ 30 ದಿನವೇ ಮಿತಿ, ಅದೂ ರೋಗಿ ಸ್ವಂತ ತೀರ್ಮಾನ ಮಾಡಲಾರದ ಸ್ಥಿತಿಯಲ್ಲಿದ್ದರೆ. ಮುಂದುವರಿಸಬೇಕಾದರೆ 90ನೇ ಕಲಂ: ಇಬ್ಬರು ಮನೋವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಪುನರ್ವಿಮರ್ಶಾ ಮಂಡಳಿ ಒಪ್ಪಬೇಕು. (90ನೇ ಕಲಮನ್ನು 90 ದಿನವೆಂದು ಓದಿಕೊಂಡ ವಕೀಲರನ್ನೂ ನಾನು ಬಲ್ಲೆ.) ಮರುದಿನ ಮನೋವೈದ್ಯರು ನೋಡಿ, ಹುಡುಗ ತನ್ನ ತೀರ್ಮಾನ ತಾನೇ ಮಾಡಬಲ್ಲ ಎಂದರು, ಅವನು ಮನೆಗೆ ಹೋದ. ಹಿಂದಿನ ರಾತ್ರಿಯನ್ನು ಅವನು ಬೀಗದೊಳಗೆ ಕಳೆದದ್ದು ನನ್ನ ಮಾತಿನಿಂದ. ಅವನ ಹತ್ತಿರ ಕ್ಷಮೆ ಕೇಳುವ ಧೈರ್ಯ ನನಗೆ ಆಗಲಿಲ್ಲ.

3. ಹಳೆಯ ತಪ್ಪಿಗೆ ಹಳೆಯ ಶಿಕ್ಷೆ

ಲೈಸೆನ್ಸ್ ಇಲ್ಲದೆ ನಡೆಸಿದರೆ 1987ರ ಕಾಯ್ದೆಯಲ್ಲಿ ಮೂರು ತಿಂಗಳವರೆಗೆ ಸಜೆ ಅಥವಾ 200 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೊಸದರಲ್ಲಿ ಮೊದಲ ಬಾರಿಗೆ 5,000ದಿಂದ 50,000 ರೂಪಾಯಿ. ಕಾಯ್ದೆ ರದ್ದಾಯಿತು, ಹಳೆಯ ಕೇಸೂ ಬಿದ್ದುಹೋಗುತ್ತದೆ ಎಂದು ನಂಬಿಕೊಂಡಿದ್ದೆ. 1897ರ ಜನರಲ್ ಕ್ಲಾಸಸ್ ಆಕ್ಟ್‌ನ 6ನೇ ಕಲಂ ಹಾಗೆ ಬೀಳಲು ಬಿಡುವುದಿಲ್ಲ. ಹಾಗೆಂದು ಹಳೆಯ ತಪ್ಪಿಗೆ ಹೊಸ ಕಾಯ್ದೆಯ ದೊಡ್ಡ ದಂಡ ಹೇರುವುದಕ್ಕೂ ಆಗದು. ಸಂವಿಧಾನದ 20(1)ನೇ ವಿಧಿ ಅಡ್ಡ ನಿಲ್ಲುತ್ತದೆ.

4. ಕಾಯ್ದೆಗೆ ಇರುವ ರಕ್ಷಣೆ ನಿಯಮಾವಳಿಗೆ ಇಲ್ಲ

6ನೇ ಕಲಂ ಕಲಿತ ಹುಮ್ಮಸ್ಸಿನಲ್ಲಿ, ಬರೀ ನಿಯಮವೊಂದು ರದ್ದಾದ ಪ್ರಕರಣದಲ್ಲೂ ಅದನ್ನೇ ಹಿಡಿದು ವಾದಿಸಿದೆ. ಎದುರು ವಕೀಲರು 2000ದ ಕೊಲ್ಹಾಪುರ ಕೇನ್‌ಶುಗರ್ ತೀರ್ಪು ಮುಂದಿಟ್ಟರು. 6ನೇ ಕಲಂ ಕೇಂದ್ರ ಕಾಯ್ದೆಗಳಿಗೂ ಜನರಲ್ ಕ್ಲಾಸಸ್ ಆಕ್ಟ್ ಹೇಳುವ ವಿಶೇಷ ಅರ್ಥದ 'ರೆಗ್ಯುಲೇಷನ್'ಗಳಿಗೂ ಮಾತ್ರ ಅನ್ವಯ, ನಿಯಮಗಳಿಗಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅಲ್ಲಿ ಹೇಳಿದೆ. ಅಂದರೆ, ನಡೆಯುತ್ತಿರುವ ಪ್ರಕ್ರಿಯೆಯನ್ನು ಉಳಿಸುವ ಮಾತನ್ನು ಬರೆಯದೆ ಬರೀ ನಿಯಮವನ್ನು ತೆಗೆದುಹಾಕಿದರೆ ಪ್ರಕ್ರಿಯೆಯೂ ಕುಸಿಯಬಹುದು. ನನ್ನದು ಕುಸಿಯಿತು. ಮೂಲ ಕಾಯ್ದೆಯೇ ರದ್ದಾಗಿ ಅದರ ಜಾಗಕ್ಕೆ ಇನ್ನೊಂದು ಬಂದಾಗ ಮಾತ್ರ ಬೇರೆ ಲೆಕ್ಕ: ಜನರಲ್ ಕ್ಲಾಸಸ್ ಆಕ್ಟ್‌ನ 24ನೇ ಕಲಮಿನ ಪ್ರಕಾರ, ಹೊಸದಕ್ಕೆ ಒಗ್ಗುವ ಹಳೆಯ ನಿಯಮಗಳು ಮುಂದುವರಿಯುತ್ತವೆ. ಈ ಎರಡರ ವ್ಯತ್ಯಾಸ ತಲೆಗೆ ಹೋಗಲು ನನಗೆ ಒಂದು ಸೋಲೇ ಬೇಕಾಯಿತು.

5. ಅಕ್ರಮ ಬಂಧನದ ಕಾನೂನು ಬೇರೆ

ಒಪ್ಪದವರನ್ನು ಕಾನೂನಿನ ಆಧಾರವಿಲ್ಲದೆ ಕೂಡಿಹಾಕುವುದು ಯಾವ ಲೈಸೆನ್ಸ್ ಇದ್ದರೂ ಅಪರಾಧವೇ. ಇಲ್ಲೂ ತಾರೀಖು ನೋಡಬೇಕು: 2024ರ ಜುಲೈ 1ಕ್ಕೆ ಮುಂಚಿನ ಘಟನೆಗೆ ಐಪಿಸಿ, ನಂತರದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ.

ಮನೆಯವರನ್ನು ಸೇರಿಸಲು ಹೊರಟವರಲ್ಲಿ ನನ್ನದೊಂದು ವಿನಂತಿ. ಗೋಡೆಗೆ ತೂಗುಹಾಕಿದ ಹಳೆಯ ಲೈಸೆನ್ಸ್ ನೋಡಿ ಸಮಾಧಾನಪಡಬೇಡಿ. 2017ರ ಕಾಯ್ದೆಯ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಅದು ತಾತ್ಕಾಲಿಕದ್ದಾದರೆ ಅವಧಿ 12 ತಿಂಗಳು ಮಾತ್ರ. ತಾರೀಖು ಓದಿಕೊಂಡೇ ಸಹಿ ಹಾಕಿ.