ಯಂತ್ರದ ಉತ್ತರ, ವರ್ತಕನ ಹೊಣೆ: ವಾಣಿಜ್ಯದಲ್ಲಿ ಕೃತಕ ಬುದ್ಧಿಮತ್ತೆ

ಮಂಡಿಯಲ್ಲಿ ಕುಳಿತ ಗುಮಾಸ್ತನು ಗಿರಾಕಿಗೆ ಒಂದು ದರವನ್ನು ಹೇಳಿದರೆ, ಅದು ಮಾಲೀಕನೇ ಹೇಳಿದ ದರವೆಂದು ಪೇಟೆಯಲ್ಲಿ ಪರಿಗಣಿಸಲ್ಪಡುತ್ತದೆ. ತಪ್ಪು ಹೇಳಿದ ಗುಮಾಸ್ತನನ್ನು ಮಾಲೀಕನು ಗದರಿಸಬಹುದು, ಕೆಲಸದಿಂದ ಬಿಡಿಸಲೂಬಹುದು. ಆದರೆ ಗಿರಾಕಿಗೆ ಕೊಟ್ಟ ಮಾತಿನಿಂದ ನುಣುಚಿಕೊಳ್ಳಲಾಗದು. ವ್ಯಾಪಾರದ ಈ ಹಳೆಯ ನಿಯಮವು ಇಂದು ಹೊಸ ರೂಪದಲ್ಲಿ ಉದ್ಯಮಿಗಳ ಎದುರು ನಿಂತಿದೆ. ಗ್ರಾಹಕರ ಪ್ರಶ್ನೆಗೆ ಉತ್ತರಿಸುವ, ಪತ್ರ ಸಿದ್ಧಪಡಿಸುವ, ಸುದ್ದಿ ಬರೆಯುವ ಕೆಲಸಗಳನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ನಿರ್ವಹಿಸತೊಡಗಿವೆ. ಅವು ಆಡಿದ ಮಾತಿಗೆ ಹೊಣೆ ಯಾರು ಎಂಬುದನ್ನು ಅರಿಯದೆ ಅವುಗಳನ್ನು ಅಂಗಡಿಯೊಳಕ್ಕೆ ಬರಮಾಡಿಕೊಳ್ಳುವುದು ಕ್ಷೇಮಕರವಲ್ಲ.

ಉಪಕರಣದ ಸ್ವರೂಪ

ಓಪನ್‌ಎಐ ಸಂಸ್ಥೆಯು ನವೆಂಬರ್ 2022ರಲ್ಲಿ ಚಾಟ್‌ಜಿಪಿಟಿಯನ್ನು ಸಾರ್ವಜನಿಕರ ಬಳಕೆಗೆ ಮುಕ್ತಗೊಳಿಸಿದ ನಂತರ ಈ ಬಗೆಯ ತಂತ್ರಾಂಶಗಳು ಸಾಮಾನ್ಯ ಕಚೇರಿಗಳನ್ನೂ ತಲುಪಿದವು. ಲೆಕ್ಕಪತ್ರದ ತಂತ್ರಾಂಶಕ್ಕೂ ಇದಕ್ಕೂ ಇರುವ ಮೂಲಭೂತ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ಲೆಕ್ಕಪತ್ರದ ತಂತ್ರಾಂಶವು ನಮೂದಿಸಿದ ಅಂಕಿಗಳನ್ನು ನಿಗದಿತ ಸೂತ್ರದಂತೆ ಕೂಡಿ ಕಳೆಯುತ್ತದೆ. ಅದೇ ಅಂಕಿಗಳಿಗೆ ಎಂದಿಗೂ ಅದೇ ಮೊತ್ತ ಬರುತ್ತದೆ. ಭಾಷಾ ಮಾದರಿ ಎಂದು ಕರೆಯಲಾಗುವ ಹೊಸ ತಂತ್ರಾಂಶವು ಅಪಾರ ಪ್ರಮಾಣದ ಬರಹಗಳಿಂದ ಪದಗಳ ಜೋಡಣೆಯ ರೀತಿಯನ್ನು ಕಲಿತು, ಒಂದು ಪದದ ನಂತರ ಯಾವ ಪದವು ಬರುವ ಸಂಭವ ಹೆಚ್ಚು ಎಂಬುದನ್ನು ಅಂದಾಜಿಸುತ್ತಾ ವಾಕ್ಯವನ್ನು ಕಟ್ಟುತ್ತದೆ. ಹೀಗಾಗಿ ಉತ್ತರವು ಸರಿಯಾಗಿದ್ದಾಗ ಭಾಷೆ ಎಷ್ಟು ಸ್ಪಷ್ಟವೂ ನಯವೂ ಆಗಿರುತ್ತದೆಯೋ, ತಪ್ಪಾಗಿದ್ದಾಗಲೂ ಅಷ್ಟೇ ಆಗಿರುತ್ತದೆ. ಅನನುಭವಿ ಗುಮಾಸ್ತನು ತಡವರಿಸುವುದರಿಂದಲಾದರೂ ಸಂಶಯ ಹುಟ್ಟುತ್ತದೆ, ಯಂತ್ರವು ತಡವರಿಸುವುದಿಲ್ಲ. ಅಪಾಯದ ಮೂಲವಿರುವುದು ಇಲ್ಲಿಯೇ.

ದುಡಿಮೆಗೆ ದೊರೆತ ಲಾಭ

ಆದರೆ ಈ ಉಪಕರಣದ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ. ಎರಿಕ್ ಬ್ರಿನ್ಯಾಲ್ಫ್‌ಸನ್ ಮತ್ತು ಇತರ ಇಬ್ಬರು ಅರ್ಥಶಾಸ್ತ್ರಜ್ಞರು 5,179 ಗ್ರಾಹಕ ಸೇವಾ ಸಿಬ್ಬಂದಿಯ ಕೆಲಸವನ್ನು ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೃತಕ ಬುದ್ಧಿಮತ್ತೆಯ ನೆರವು ಪಡೆದವರು ಗಂಟೆಯೊಂದಕ್ಕೆ ಬಗೆಹರಿಸಿದ ದೂರುಗಳ ಸಂಖ್ಯೆ ಸರಾಸರಿ ಶೇ. 14ರಷ್ಟು ಹೆಚ್ಚಿತು. ಹೊಸಬರು ಮತ್ತು ಕಡಿಮೆ ಕೌಶಲವುಳ್ಳವರಲ್ಲಿ ಈ ಹೆಚ್ಚಳ ಶೇ. 34ರಷ್ಟಿತ್ತು, ನುರಿತವರಲ್ಲಿ ಅದು ಅತ್ಯಲ್ಪ. ಅನುಭವಿಗಳ ಉತ್ತರಗಳಿಂದ ಕಲಿತ ತಂತ್ರಾಂಶವು ಆ ಅನುಭವದ ಸಾರವನ್ನು ಹೊಸಬರಿಗೆ ಹಂಚಿತೆಂಬುದು ಅಧ್ಯಯನಕಾರರ ವಿವರಣೆ. ಇಲ್ಲಿ ಯಂತ್ರವು ಸಿಬ್ಬಂದಿಗೆ ಸಲಹೆ ನೀಡುತ್ತಿತ್ತೇ ಹೊರತು ನೇರವಾಗಿ ಗ್ರಾಹಕರೊಡನೆ ಮಾತನಾಡುತ್ತಿರಲಿಲ್ಲ ಎಂಬುದು ಗಮನಾರ್ಹ.

ಯಂತ್ರವನ್ನೇ ಗ್ರಾಹಕರ ಎದುರು ನಿಲ್ಲಿಸಿದ ಉದಾಹರಣೆ ಸ್ವೀಡನ್ನಿನ ಪಾವತಿ ಸೇವಾ ಸಂಸ್ಥೆಯಾದ ಕ್ಲಾರ್ನಾದ್ದು. ತನ್ನ ಸಹಾಯಕ ತಂತ್ರಾಂಶವು ಮೊದಲ ತಿಂಗಳಲ್ಲೇ 23 ಲಕ್ಷ ಸಂಭಾಷಣೆಗಳನ್ನು ನಡೆಸಿ, 700 ಪೂರ್ಣಾವಧಿ ನೌಕರರ ಕೆಲಸಕ್ಕೆ ಸಮನಾದುದನ್ನು ನಿರ್ವಹಿಸಿತೆಂದು ಆ ಸಂಸ್ಥೆಯು ಫೆಬ್ರವರಿ 2024ರಲ್ಲಿ ಘೋಷಿಸಿತು. ಆದರೆ ಮೇ 2025ರಲ್ಲಿ ಅದರ ಮುಖ್ಯಸ್ಥರಾದ ಸೆಬಾಸ್ಟಿಯನ್ ಸೀಮಿಯಾಟ್‌ಕೋವ್‌ಸ್ಕಿ ಅವರು, ವೆಚ್ಚಕ್ಕೇ ಹೆಚ್ಚು ಮಹತ್ವ ಕೊಟ್ಟದ್ದರಿಂದ ಸೇವೆಯ ಗುಣಮಟ್ಟ ಕುಸಿಯಿತೆಂದು ಒಪ್ಪಿಕೊಂಡು, ಗ್ರಾಹಕ ಸೇವೆಗೆ ಮತ್ತೆ ಜನರನ್ನು ನೇಮಿಸಿಕೊಳ್ಳುವುದಾಗಿ ತಿಳಿಸಿದರು.

ಕೆನಡಾದ ಒಂದು ತೀರ್ಪು

ಹೊಣೆಗಾರಿಕೆಯ ಪ್ರಶ್ನೆಯು ನೇರವಾಗಿ ವಿಚಾರಣೆಗೆ ಬಂದದ್ದು ಕೆನಡಾದಲ್ಲಿ. ನವೆಂಬರ್ 2022ರಲ್ಲಿ ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರು, ಸಾವಿನ ಸಂದರ್ಭದಲ್ಲಿ ದೊರೆಯುವ ರಿಯಾಯಿತಿ ದರದ ಬಗ್ಗೆ ಏರ್ ಕೆನಡಾದ ಜಾಲತಾಣದಲ್ಲಿದ್ದ ಚಾಟ್‌ಬಾಟನ್ನು ವಿಚಾರಿಸಿದರು. ಟಿಕೆಟ್ ಪಡೆದ 90 ದಿನಗಳೊಳಗೆ ಅರ್ಜಿ ಸಲ್ಲಿಸಿದರೆ ರಿಯಾಯಿತಿ ಪಡೆಯಬಹುದೆಂದು ಅದು ಉತ್ತರಿಸಿತು. ಅದನ್ನು ನಂಬಿ ಪೂರ್ಣ ದರ ತೆತ್ತು ಪ್ರಯಾಣಿಸಿದ ಅವರು ನಂತರ ಅರ್ಜಿ ಸಲ್ಲಿಸಿದಾಗ, ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಅನ್ವಯಿಸದೆಂದೂ ಸರಿಯಾದ ನಿಯಮವು ಜಾಲತಾಣದ ಇನ್ನೊಂದು ಪುಟದಲ್ಲಿದೆಯೆಂದೂ ಸಂಸ್ಥೆಯು ತಿಳಿಸಿತು.

ವಿವಾದವು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸಿವಿಲ್ ವ್ಯಾಜ್ಯ ಇತ್ಯರ್ಥ ಮಂಡಳಿಯ ಮುಂದೆ ಬಂದಾಗ, ಚಾಟ್‌ಬಾಟ್ ತನ್ನ ಕೃತ್ಯಗಳಿಗೆ ತಾನೇ ಹೊಣೆಯಾದ ಪ್ರತ್ಯೇಕ ವ್ಯಕ್ತಿಯೆಂಬ ಅರ್ಥ ಬರುವ ವಾದ ಸಂಸ್ಥೆಯ ಕಡೆಯಿಂದ ಬಂದಿತು. ಫೆಬ್ರವರಿ 2024ರ ತೀರ್ಪಿನಲ್ಲಿ ಮಂಡಳಿಯು ಅದನ್ನು ತಳ್ಳಿಹಾಕಿತು. ಜಾಲತಾಣದ ಪುಟವಾಗಲಿ ಚಾಟ್‌ಬಾಟ್ ಆಗಲಿ, ಅಲ್ಲಿರುವ ಎಲ್ಲ ಮಾಹಿತಿಗೂ ಸಂಸ್ಥೆಯೇ ಹೊಣೆ. ಜಾಲತಾಣದ ಒಂದು ಭಾಗದ ಮಾತನ್ನು ಇನ್ನೊಂದು ಭಾಗದೊಡನೆ ತಾಳೆ ನೋಡುವ ಕಷ್ಟ ಗ್ರಾಹಕನಿಗೆ ಸೇರಿದ್ದಲ್ಲ ಎಂಬುದು ಅದರ ನಿಲುವಾಗಿತ್ತು. ಪರಿಹಾರದ ಮೊತ್ತ 650.88 ಕೆನಡಾ ಡಾಲರ್. ಬಡ್ಡಿ ಮತ್ತು ಶುಲ್ಕ ಸೇರಿ 812.02 ಡಾಲರ್. ಮೊತ್ತ ಚಿಕ್ಕದು, ಆದರೆ ಅದು ಕಲಿಸಿದ ಪಾಠ ದೊಡ್ಡದು.

ಮಾಧ್ಯಮ ಮತ್ತು ದಾಖಲೆಗಳು

ಮಾಧ್ಯಮ ಕ್ಷೇತ್ರಕ್ಕೂ ಇದೇ ಅನುಭವವಾಗಿದೆ. ಅಮೆರಿಕದ ಸಿನೆಟ್ ಸುದ್ದಿ ಸಂಸ್ಥೆಯು ಯಂತ್ರದಿಂದ ಬರೆಸಿದ ಹಣಕಾಸು ಲೇಖನಗಳಲ್ಲೊಂದು, 10,000 ಡಾಲರ್ ಠೇವಣಿಗೆ ಶೇ. 3ರ ದರದಲ್ಲಿ ಮೊದಲ ವರ್ಷ 10,300 ಡಾಲರ್ ಗಳಿಕೆಯಾಗುವುದೆಂದು ತಿಳಿಸಿತ್ತು. ಗಳಿಕೆ 300 ಡಾಲರ್ ಮಾತ್ರವೆಂಬುದು ಶಾಲಾ ಬಾಲಕನಿಗೂ ತಿಳಿದ ಲೆಕ್ಕ. ಜನವರಿ 2023ರಲ್ಲಿ ಮರುಪರಿಶೀಲನೆ ನಡೆಸಿದ ಸಂಸ್ಥೆಯು ಅಂತಹ 77 ಲೇಖನಗಳ ಪೈಕಿ 41ಕ್ಕೆ ತಿದ್ದುಪಡಿ ಪ್ರಕಟಿಸಬೇಕಾಯಿತು. ಕನ್ನಡದಲ್ಲಿಯೂ ಜುಲೈ 2023ರಲ್ಲಿ ಪವರ್ ಟಿವಿ ವಾಹಿನಿಯು 'ಸೌಂದರ್ಯ' ಎಂಬ ಕೃತಕ ವಾರ್ತಾವಾಚಕಿಯನ್ನು ಪರದೆಗೆ ತಂದಿತು. ಓದುವ ಮುಖ ಬದಲಾದ ಮಾತ್ರಕ್ಕೆ ಸುದ್ದಿಯ ನಿಜಾಂಶಕ್ಕೆ ಉತ್ತರ ಹೇಳಬೇಕಾದವರು ಬದಲಾಗುವುದಿಲ್ಲ.

ನ್ಯಾಯಾಲಯಗಳ ಕಾಗದಪತ್ರಗಳೂ ಇದರಿಂದ ಹೊರತಾಗಲಿಲ್ಲ. ಚಾಟ್‌ಜಿಪಿಟಿ ಸೃಷ್ಟಿಸಿದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕಾಗಿ ನ್ಯೂಯಾರ್ಕಿನ ನ್ಯಾಯಾಲಯವು ಜೂನ್ 2023ರಲ್ಲಿ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವು ಡಿಸೆಂಬರ್ 2024ರಲ್ಲಿ ನೀಡಿದ ಆದೇಶವೊಂದರಲ್ಲಿ ಅಸ್ತಿತ್ವದಲ್ಲಿಲ್ಲದ ತೀರ್ಪುಗಳು ಉಲ್ಲೇಖಗೊಂಡಿದ್ದುದು ಬೆಳಕಿಗೆ ಬಂದು ಆದೇಶವನ್ನೇ ಹಿಂಪಡೆಯಬೇಕಾಯಿತು.

ಭಾರತೀಯ ಕಾನೂನಿನ ನಿಲುವು

ಕೆನಡಾದ ತೀರ್ಪು ಭಾರತದಲ್ಲಿ ಅನ್ವಯಿಸದು. ಆದರೆ ಇಲ್ಲಿನ ಕಾನೂನು ಸಾಗುವ ದಿಕ್ಕೂ ಅದೇ. ಪ್ರತಿನಿಧಿಯು ತನ್ನ ಕೆಲಸದ ವ್ಯಾಪ್ತಿಯಲ್ಲಿ ನೀಡಿದ ತಪ್ಪು ಮಾಹಿತಿಯು, ಒಪ್ಪಂದದ ಮಟ್ಟಿಗೆ, ಮಾಲೀಕನೇ ನೀಡಿದ ಮಾಹಿತಿಯಷ್ಟೇ ಪರಿಣಾಮ ಹೊಂದಿರುವುದೆಂದು 1872ರ ಭಾರತೀಯ ಒಪ್ಪಂದ ಕಾಯ್ದೆಯ 238ನೇ ಕಲಂ ಹೇಳುತ್ತದೆ. ಅದೇ ಕಾಯ್ದೆಯ 182ನೇ ಕಲಂ ಪ್ರಕಾರ ಪ್ರತಿನಿಧಿಯು ಒಬ್ಬ ವ್ಯಕ್ತಿಯಾಗಿರಬೇಕು. ಯಂತ್ರವು ವ್ಯಕ್ತಿಯಲ್ಲದ್ದರಿಂದ ಅದರ ತಲೆಗೆ ಹೊಣೆ ಕಟ್ಟುವ ದಾರಿಯೇ ಇಲ್ಲ. ಮೇಲಾಗಿ, ಮೂಲ ಕಳುಹಿಸುವವನಿಂದ ಅಥವಾ ಅವನ ಪರವಾಗಿ ತಾನಾಗಿ ಕೆಲಸ ಮಾಡುವಂತೆ ಅಣಿಗೊಳಿಸಿದ ಗಣಕ ವ್ಯವಸ್ಥೆಯು ಕಳುಹಿಸಿದ ವಿದ್ಯುನ್ಮಾನ ದಾಖಲೆಯು ಅವನದೇ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 11ನೇ ಕಲಂ ಸ್ಪಷ್ಟಪಡಿಸಿದೆ. ಅಂಗಡಿಯ ವಾಟ್ಸ್‌ಆ್ಯಪ್ ಸಂಖ್ಯೆಯಿಂದ ಯಂತ್ರವು ಕಳುಹಿಸಿದ ದರಪಟ್ಟಿಯನ್ನು ತನ್ನದಲ್ಲವೆನ್ನುವುದು ವರ್ತಕನಿಗೆ ಎಷ್ಟು ಕಠಿಣವೆಂಬುದನ್ನು ಇದರಿಂದ ಊಹಿಸಬಹುದು.

ಅನುಸರಿಸಬೇಕಾದ ಕ್ರಮಗಳು

ಸಣ್ಣ ಮತ್ತು ಮಧ್ಯಮ ಉದ್ಯಮಗಳು ಈ ಕೆಳಗಿನ ಕ್ರಮಗಳನ್ನು ಅಳವಡಿಸಿಕೊಳ್ಳುವುದು ಸೂಕ್ತ:

1. ದರ, ರಿಯಾಯಿತಿ, ಖಾತರಿ, ಸರಕು ವಾಪಸಾತಿ ಮತ್ತು ಪೂರೈಕೆಯ ದಿನಾಂಕ, ಈ ಐದು ವಿಷಯಗಳಲ್ಲಿ ಯಂತ್ರವು ಸ್ವತಂತ್ರವಾಗಿ ಮಾತು ಕೊಡದಂತೆ ನಿರ್ಬಂಧಿಸಬೇಕು. ಅದು ಕರಡನ್ನು ಸಿದ್ಧಪಡಿಸಲಿ. ಜವಾಬ್ದಾರಿಯುತ ನೌಕರನು ಓದಿ ಕಳುಹಿಸಲಿ.

2. ಗ್ರಾಹಕನು ಬಯಸಿದೊಡನೆ ಮನುಷ್ಯರೊಡನೆ ಮಾತನಾಡುವ ಅವಕಾಶವಿರಬೇಕು.

3. ಯಂತ್ರವು ಕೊಟ್ಟ ಉತ್ತರಗಳನ್ನು ದಿನಾಂಕಸಹಿತ ಕಾಪಾಡಬೇಕು. ವಿವಾದ ಎದ್ದಾಗ ಗ್ರಾಹಕನ ಬಳಿ ಪ್ರತಿಯಿದ್ದು ವರ್ತಕನ ಬಳಿ ಇಲ್ಲದಿರುವುದು ಅಪಾಯಕರ.

4. ತೆರಿಗೆ ನೋಟಿಸಿಗೆ ಉತ್ತರ, ಕರಾರುಪತ್ರ ಮುಂತಾದವುಗಳಲ್ಲಿ ಯಂತ್ರವು ನಮೂದಿಸಿದ ಪ್ರತಿಯೊಂದು ಕಲಂ, ತೀರ್ಪು ಮತ್ತು ಅಂಕಿಯನ್ನು ಮೂಲದೊಡನೆ ತಾಳೆ ನೋಡಬೇಕು.

5. ಗ್ರಾಹಕರ ವಿವರ ಮತ್ತು ವ್ಯಾಪಾರದ ಗುಟ್ಟುಗಳನ್ನು ಸಾರ್ವಜನಿಕ ತಂತ್ರಾಂಶಗಳಿಗೆ ಉಣಿಸಬಾರದು. ನೌಕರರು ಸಂಸ್ಥೆಯ ಗೋಪ್ಯ ಸಂಕೇತಗಳನ್ನು ಹೀಗೆ ಹೊರಹಾಕಿದ್ದರಿಂದ ಸ್ಯಾಮ್‌ಸಂಗ್ ಸಂಸ್ಥೆಯು 2023ರಲ್ಲಿ ಇವುಗಳ ಬಳಕೆಯನ್ನು ನಿಷೇಧಿಸಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರಲ್ಲಿ ಗರಿಷ್ಠ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ.

ಇವೆಲ್ಲಕ್ಕೂ ಮೂಲವಾದ ಇನ್ನೊಂದು ಮಾತಿದೆ. ಯಂತ್ರದ ತಪ್ಪನ್ನು ಕಂಡುಹಿಡಿಯಬಲ್ಲವನು ಆ ಕೆಲಸವನ್ನು ವರ್ಷಗಟ್ಟಲೆ ಸ್ವತಃ ಮಾಡಿದವನು ಮಾತ್ರ. ಹೊಸಬನ ಕೈಗೆ ತಂತ್ರಾಂಶ ಬಂದಿತೆಂದು ಹಳಬನನ್ನು ಮನೆಗೆ ಕಳುಹಿಸಿದರೆ, ತಪ್ಪನ್ನು ಗುರುತಿಸುವ ಕಣ್ಣನ್ನೇ ಕಳೆದುಕೊಂಡಂತಾಗುತ್ತದೆ. ಹೊಸಬರನ್ನು ನೇಮಿಸಿಕೊಳ್ಳುವುದನ್ನೇ ನಿಲ್ಲಿಸಿದರೆ, ಹತ್ತು ವರ್ಷಗಳ ನಂತರ ಹಳಬರೇ ಇರುವುದಿಲ್ಲ. ಹಳಬರ ಅನುಭವ, ಹೊಸಬರ ಕಲಿಕೆ ಮತ್ತು ಯಂತ್ರದ ವೇಗ ಈ ಮೂರನ್ನೂ ಹೊಂದಿಸಿಕೊಂಡ ಉದ್ಯಮವೇ ಈ ಬದಲಾವಣೆಯಿಂದ ನಿಜವಾದ ಲಾಭ ಪಡೆಯಬಲ್ಲದು.

ಪೇಟೆಯಲ್ಲಿ ವರ್ತಕನ ಬಂಡವಾಳ ಹಣವೊಂದೇ ಅಲ್ಲ, ಆಡಿದ ಮಾತು ನಡೆಸಿಕೊಡುವನೆಂಬ ನಂಬಿಕೆಯೂ ಹೌದು. ಮಾತನ್ನು ಯಂತ್ರದಿಂದ ಆಡಿಸಬಹುದು. ನಡೆಸಿಕೊಡಬೇಕಾದವನು ಮಾತ್ರ ವರ್ತಕನೇ.