ಬೆಕ್ಕಿನ ಬೆನ್ನು ಅದುರಿದರೆ ದನದ ಔಷಧಕ್ಕೆ ಕೈ ಹಾಕಬೇಡಿ

ಚಿಮ್ಮನಚೋಡದಿಂದ ಚಿಗವ್ವ ಫೋನು ಮಾಡಿದಾಗ ರಾತ್ರಿ ಹತ್ತು ಗಂಟೆ. ‘ನಮ್ಮ ಬೆಕ್ಕಿಗಿ ಗಾಳಿ ಬಡದಾದಪ್ಪ. ಸುಮ್ನ ಕುಂತದ್ದು ಒಮ್ಮಿಗೇ ಬೆನ್ನು ಅದುರಸ್ತದ, ತಿರುಗಿ ತನ್ನ ಬಾಲ ತಾನೇ ಕಚ್ತದ, ಕಣ್ಣು ಇಷ್ಟಿಷ್ಟು ಮಾಡಿ ಓಡ್ತದ. ಬಾಜೂ ಮನಿಯವ್ರು ದನದ ಉಣ್ಣಿ ಔಷಧ ಕೊಟ್ಟಾರ, ಹಚ್ಚಲೇನು?’

ಬಾಟಲಿ ಮುಚ್ಚಿ ಮೇಲಿಡು, ಬೆಕ್ಕಿನ ಹತ್ತಿರ ತರಲೇಬೇಡ ಎಂದು ಎರಡೆರಡು ಸಲ ಹೇಳಿದೆ. ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಆ ಬಾಟಲಿಗಾಗಿ. ಚಿಂಚೋಳಿ, ಸೇಡಂ, ಚಿತ್ತಾಪುರ ಕಡೆ ಹಲವು ಮನೆಗಳಲ್ಲಿ ಇದೇ ತಪ್ಪು ನಡೆದದ್ದನ್ನು ಕಂಡಿದ್ದೇನೆ. ಬೆನ್ನು ಅದುರಿ ಬೆಕ್ಕು ಸತ್ತದ್ದನ್ನು ನಾನು ನೋಡಿಲ್ಲ. ಹಚ್ಚಿದ ಔಷಧದಿಂದ ಸತ್ತದ್ದನ್ನು ನೋಡಿದ್ದೇನೆ.

ಈ ಲಕ್ಷಣಗಳಿಗೆ ಪಶುವೈದ್ಯರು ಇಟ್ಟಿರುವ ಹೆಸರು ಹೈಪರ್‌ಎಸ್ತೇಷಿಯಾ, ಅಂದರೆ ಅತಿ ಸಂವೇದನೆ. 1980ರ ಹೊತ್ತಿಗೆ ಅವರ ಬರಹಗಳಲ್ಲಿ ಈ ಹೆಸರು ಬಂತು. ನೊಣ ಕೂತಾಗ ಎತ್ತು ಮೈಚರ್ಮ ಅಲುಗಿಸುತ್ತದಲ್ಲ, ಚರ್ಮದಡಿಯ ಅಂಥದೇ ತೆಳು ಸ್ನಾಯು ಬೆಕ್ಕಿಗೂ ಇದೆ. ಈ ತೊಂದರೆಯಲ್ಲಿ ನೊಣವಿಲ್ಲದೆಯೂ ಅದು ಸೊಂಟದಿಂದ ಬಾಲದ ಬುಡದವರೆಗೆ ಅಲೆ ಎದ್ದಂತೆ ಅದುರುತ್ತದೆ. ಇದರ ಹಿಂದೆ ಚರ್ಮದ ತುರಿಕೆ ಇರಬಹುದು, ಬೆನ್ನುಮೂಳೆಯ ನೋವಿರಬಹುದು, ಮೂರ್ಛೆರೋಗದಂಥ ನರದ ತೊಂದರೆ ಇರಬಹುದು, ಬರೀ ಹೆದರಿಕೆಯೂ ಇರಬಹುದು. ಇದೇ ಎಂದು ಹೇಳುವ ಒಂದು ಪರೀಕ್ಷೆ ಇಲ್ಲ. ಬೇರೆ ಎಲ್ಲವನ್ನೂ ಒಂದೊಂದಾಗಿ ನೋಡಿ, ಅಲ್ಲ ಎಂದು ಗೊತ್ತಾದ ಮೇಲೆ ವೈದ್ಯರು ಈ ಹೆಸರಿಗೆ ಬರುತ್ತಾರೆ. ಗಾಳಿಯೂ ಅಲ್ಲ, ದೃಷ್ಟಿಯೂ ಅಲ್ಲ. ಬಾಲಕ್ಕೆ ದಾರ ಕಟ್ಟುವುದು, ಬರೆ ಹಾಕುವುದು, ಚೀಲದಲ್ಲಿ ತುಂಬಿ ಮುಲ್ಲಾಮಾರಿ ಹೊಳೆಯಾಚೆ ಬಿಟ್ಟು ಬರುವುದು, ಇವೆಲ್ಲ ನೋವಿನಲ್ಲಿರುವ ಪ್ರಾಣಿಗೆ ಕೊಡುವ ಇನ್ನಷ್ಟು ನೋವು.

ಮೊದಲು ಮೊಬೈಲ್ ತೆಗೆಯಿರಿ

ಬೆಕ್ಕು ಹಾಗೆ ಮಾಡುವಾಗ ದೂರ ನಿಂತು ವಿಡಿಯೊ ಮಾಡಿಕೊಳ್ಳಿ. ದವಾಖಾನೆಯ ಮೇಜಿನ ಮೇಲೆ ಬೆಕ್ಕು ಕಲ್ಲಿನಂತೆ ಕುಳಿತಿರುತ್ತದೆ, ಮನೆಯಲ್ಲಿ ಮಾಡಿದ್ದನ್ನು ಅಲ್ಲಿ ಮಾಡಿ ತೋರಿಸುವುದಿಲ್ಲ. ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಬರೆಯಿರಿ: ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ನಿಮಿಷ ಇತ್ತು, ಅದಕ್ಕೆ ಮೊದಲು ಮನೆಯಲ್ಲಿ ಏನು ನಡೆದಿತ್ತು. ಎರಡು ವಾರ ಹೀಗೆ ಬರೆದರೆ ಕಾರಣದ ಎಳೆ ಎಷ್ಟೋ ಸಲ ಅಲ್ಲೇ ಸಿಗುತ್ತದೆ.

ಅಂಥ ಹೊತ್ತಿನಲ್ಲಿ ಹಿಡಿಯಬೇಡಿ, ಬೆನ್ನು ಸವರಬೇಡಿ, ಗದರಬೇಡಿ. ಟಿವಿ ಆರಿಸಿ, ಮಕ್ಕಳನ್ನು ಹೊರಗೆ ಕಳಿಸಿ. ಕಾಗದದ ಉಂಡೆಯೊಂದನ್ನು ದೂರಕ್ಕೆ ಉರುಳಿಸಿದರೆ ಬೆಕ್ಕಿನ ಗಮನ ಅತ್ತ ಹೋಗಿ ಅದುರು ನಿಲ್ಲುವುದುಂಟು. ಹಾಗೆ ನಿಂತಿತೋ ಇಲ್ಲವೋ ಎನ್ನುವುದನ್ನೂ ಬರೆದಿಡಿ, ವೈದ್ಯರಿಗೆ ಬೇಕಾಗುತ್ತದೆ. ಎಚ್ಚರ ತಪ್ಪಿ ಬಿದ್ದು, ಕಾಲು ಬಡಿದು, ಜೊಲ್ಲು ಸುರಿಸಿ, ಬಿದ್ದಲ್ಲೇ ಉಚ್ಚೆ ಹೊಯ್ದರೆ ಅದು ಮೂರ್ಛೆ. ಐದು ನಿಮಿಷ ದಾಟಿದರೆ ಅಥವಾ ಒಂದರ ಹಿಂದೆ ಒಂದು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಒಂದು ಎಚ್ಚರಿಕೆ. ಬೆಕ್ಕಿಗೂ ಹುಚ್ಚು ರೋಗ, ಅಂದರೆ ರೇಬಿಸ್, ಬರುತ್ತದೆ. ಲಸಿಕೆ ಹಾಕಿಸದ, ಬೀದಿ ತಿರುಗುವ ಬೆಕ್ಕು ಇದ್ದಕ್ಕಿದ್ದಂತೆ ಸ್ವಭಾವ ಬದಲಿಸಿ ಎರಗತೊಡಗಿದರೆ ಮುಟ್ಟಬೇಡಿ, ಕೋಣೆಯಲ್ಲಿ ಕೂಡಿಹಾಕಿ ವೈದ್ಯರನ್ನು ಕರೆಯಿರಿ. ಯಾವ ಬೆಕ್ಕೇ ಕಚ್ಚಲಿ, ಪರಚಲಿ, ಗಾಯವನ್ನು ಹರಿಯುವ ನೀರು, ಸಾಬೂನಿನಲ್ಲಿ 15 ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ, ಖಾರ ಮೆತ್ತುವುದು ಬೇಡ.

ಬಿಳಿ ಕಾಗದದ ಮೇಲೆ ಕರಿ ಕಣ

ನಮ್ಮ ಕಡೆಯ ಬೆಕ್ಕುಗಳಲ್ಲಿ ನಾನು ಮೊದಲು ಅನುಮಾನಿಸುವುದು ಚಿಗಟವನ್ನು. ಚಿಗಟದ ಜೊಲ್ಲು ಒಗ್ಗದ ಬೆಕ್ಕಿಗೆ ಒಂದೆರಡು ಕಡಿತವೇ ಸಾಕು, ಸೊಂಟದ ಮೇಲೆ ಬೆಂಕಿ ಬಿದ್ದಂತೆ ಒದ್ದಾಡುತ್ತದೆ. ‘ನಮ್ಮ ಬೆಕ್ಕಿಗಿ ಚಿಗಟ ಇಲ್ರಿ’ ಎಂದು ಎಲ್ಲರೂ ಹೇಳುತ್ತಾರೆ. ಬೆಕ್ಕು ನೆಕ್ಕಿ ನೆಕ್ಕಿ ನುಂಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಪರೀಕ್ಷೆ ಸುಲಭ. ಬಿಳಿ ಕಾಗದ ಹಾಸಿ ಅದರ ಮೇಲೆ ಬೆಕ್ಕನ್ನು ಕೂಡಿಸಿ. ಹೇನಿನ ಸಣ್ಣ ಹಣಿಗೆಯಿಂದ ಬಾಲದ ಬುಡದಲ್ಲಿ, ಕತ್ತಿನಲ್ಲಿ ಬಾಚಿ. ಖಾರಪುಡಿಯಂತೆ ಸಣ್ಣ, ಆದರೆ ಕಪ್ಪಗಿನ ಕಣಗಳು ಉದುರುತ್ತವೆ. ಮಣ್ಣೇ ಇರಬೇಕು ಎನಿಸುತ್ತದೆ. ಅದರ ಮೇಲೆ ಎರಡು ಹನಿ ನೀರು ಬಿಟ್ಟು ಬೆರಳಿನಿಂದ ಉಜ್ಜಿ. ಮಣ್ಣಾದರೆ ಮಣ್ಣಿನ ಬಣ್ಣದಲ್ಲೇ ಉಳಿಯುತ್ತದೆ. ಕೆಂಪುಮಿಶ್ರಿತ ಕಂದು ಬಣ್ಣ ಹರಡಿತೇ, ಅದು ಚಿಗಟದ ಹಿಕ್ಕೆ, ನಿಮ್ಮ ಬೆಕ್ಕಿನದೇ ಜೀರ್ಣವಾದ ರಕ್ತ. ಚಿಗವ್ವ ವಿಡಿಯೊ ಕಾಲ್‌ನಲ್ಲೇ ಮಾಡಿ ತೋರಿಸಿದಳು. ಕಾಗದದ ಮೇಲೆ ಅಡಿಕೆ ಎಲೆ ಉಗುಳಿದಂತೆ ಮೂರು ಕಲೆ.

ಆ ಬಾಟಲಿ

ಚಿಗಟ ಇದೆ ಎಂದು ಗೊತ್ತಾದ ಕೂಡಲೇ ಕೈ ಹೋಗುವುದು ಮನೆಯಲ್ಲಿರುವುದರ ಕಡೆಗೆ. ದನದ ಉಣ್ಣಿಗೆ ನೀರಲ್ಲಿ ಕಲಸಿ ಸವರುವ ಔಷಧ, ನಾಯಿಗೆ ಹಾಕುವ ಪುಡಿ, ತೊಗರಿಯ ಕಾಯಿಕೊರಕಕ್ಕೆ ಹೊಡೆದು ಉಳಿದದ್ದು. ಬಾಟಲಿಯ ಚೀಟಿ ಓದಿ. ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಹೀಗೆ ‘ಮೆಥ್ರಿನ್’ ಎಂದು ಮುಗಿಯುವ ಹೆಸರು ಕಂಡರೆ ಬೆಕ್ಕಿಗೆ ಅದು ವಿಷವೆಂದೇ ತಿಳಿಯಿರಿ. ಅಮಿಟ್ರಾಜ್ ಕೂಡ ಬೇಡ. ದನದ ಮತ್ತು ನಾಯಿಯ ಯಕೃತ್ತು ‘ಮೆಥ್ರಿನ್’ ರಾಸಾಯನಿಕವನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ತೀರ ಕಡಿಮೆ. ವಿಷ ಮೈಯಲ್ಲೇ ಉಳಿದು ನರಕ್ಕೆ ಏರುತ್ತದೆ.

‘ಸ್ವಲ್ಪೇ ಹಚ್ಚೀವಿ’ ಎನ್ನುತ್ತಾರೆ. ಆಕಳು ಮುನ್ನೂರು ಕಿಲೊ, ಬೆಕ್ಕು ಮೂರು ಕಿಲೊ. ಬೆಕ್ಕು ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ ಕೂಡ.

ಇದರಲ್ಲಿ ಇನ್ನೊಂದು ಕೆಟ್ಟ ತೊಡಕಿದೆ. ಈ ವಿಷ ಏರಿದಾಗಲೂ ಬೆಕ್ಕಿನ ಚರ್ಮ ಅದುರುತ್ತದೆ, ಕಿವಿ ಮಿಡುಕುತ್ತದೆ, ಮುಟ್ಟಿದರೆ, ಸದ್ದಾದರೆ ಬೆಚ್ಚುತ್ತದೆ. ಮನೆಯವರು ‘ರೋಗ ಜೋರಾಯ್ತು’ ಎಂದು ಇನ್ನೊಂದು ಸಲ ಹಚ್ಚುತ್ತಾರೆ! ಹಲವು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಆದದ್ದೂ ಇದೇ. ಮಧ್ಯಾಹ್ನ ಬೆಕ್ಕಿಗೆ ಅಂಥ ಪುಡಿ ಹಾಕಿದೆವು. ಸಂಜೆ ಹೊತ್ತಿಗೆ ಮೀಸೆಯ ಕೂದಲು ನಡುಗುತ್ತಿದ್ದವು, ಹಿಂಗಾಲು ತೊಡರುತ್ತಿದ್ದವು. ತುರಿಕೆಯೆಂದು ಮತ್ತಷ್ಟು ಉದುರಿಸಿದೆವು. ಬೆಳಿಗ್ಗೆ ನೀರಿನ ಹಂಡೆಯ ಹಿಂದೆ ಸತ್ತು ಬಿದ್ದಿತ್ತು. ಅದನ್ನು ನಾನು ಮರೆತಿಲ್ಲ, ಹಾಗಾಗಿ ಈ ಭಾಗ ಉದ್ದವಾದರೂ ಸಂಪಾದಕರು ಕತ್ತರಿ ಹಾಕಬಾರದೆಂದು ಕೇಳಿಕೊಂಡಿದ್ದೇನೆ.

ಈಗಾಗಲೇ ಹಚ್ಚಿಬಿಟ್ಟಿದ್ದರೆ: ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ ಸಾಬೂನು, ಇವೆರಡರಿಂದ ಮೈಯೆಲ್ಲ ತೊಳೆಯಿರಿ. ಬಿಸಿನೀರು ಬೇಡ, ಚರ್ಮ ವಿಷವನ್ನು ಬೇಗ ಹೀರುತ್ತದೆ. ತೀರ ತಣ್ಣೀರೂ ಬೇಡ. ನಿಮ್ಮ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ. ಒರೆಸಿ, ಟವೆಲ್‌ನಲ್ಲಿ ಸುತ್ತಿ ಬೆಚ್ಚಗಿಡಿ. ವಾಂತಿ ಮಾಡಿಸಬೇಡಿ, ಹಾಲು ಎಣ್ಣೆ ಕುಡಿಸಬೇಡಿ. ನಡುಕ ಶುರುವಾಗಿದ್ದರೆ ತೊಳೆಯುತ್ತ ಹೊತ್ತು ಕಳೆಯದೆ, ಆ ಬಾಟಲಿಯನ್ನೂ ಹಿಡಿದುಕೊಂಡು ದನದ ದವಾಖಾನೆಗೆ ಓಡಿ. ನಡುಕ ಕೆಲವು ಗಂಟೆಗಳಲ್ಲೇ ಕಾಣಿಸಬಹುದು, ಮರುದಿನವೂ ಕಾಣಿಸಬಹುದು. ಸಮಯಕ್ಕೆ ಸಿಕ್ಕರೆ ಬಹಳ ಬೆಕ್ಕುಗಳು ಉಳಿಯುತ್ತವೆ.

ಸೀಮೆಎಣ್ಣೆ, ತಂಬಾಕಿನ ನೀರು, ಫಿನಾಯಿಲ್, ಡೆಟಾಲ್ ಇವೂ ಬೇಡ. ನೋವಿದೆಯೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಹಾಗಾದರೆ ಹಚ್ಚುವುದೇನು? ಪೊಟ್ಟಣದ ಮೇಲೆ ಬೆಕ್ಕಿನ ಚಿತ್ರವಿರುವ, ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಇರುವ ಹನಿ ಔಷಧ. ಬೆಕ್ಕಿನ ತೂಕ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ. ಕತ್ತಿನ ಹಿಂಭಾಗದಲ್ಲಿ, ನಾಲಿಗೆ ಎಟುಕದ ಕಡೆ, ಕೂದಲು ಸರಿಸಿ ಚರ್ಮದ ಮೇಲೇ ಬಿಡಬೇಕು. ಎರಡು ತಿಂಗಳು ತುಂಬದ ಮರಿಗೆ ಕೇಳದೆ ಏನೂ ಹಾಕಬೇಡಿ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ಅದರದೇ ಔಷಧ ಹಾಕಿಸಿ, ಒಣಗುವವರೆಗೆ ಬೆಕ್ಕನ್ನು ದೂರವಿಡಿ.

ಬೆಕ್ಕಿಗೆ ಮಾತ್ರ ಹಾಕಿ ಸುಮ್ಮನಾದರೆ ಉಪಯೋಗವಿಲ್ಲ. ಚಿಗಟದ ಮೊಟ್ಟೆ ಬೆಕ್ಕಿನ ಮೈಯಿಂದ ಉದುರಿ ನೆಲ ಸೇರುತ್ತದೆ. ನಮ್ಮ ಮನೆಗಳ ಶಹಾಬಾದ್ ಫರಸಿಯ ಸಂದುಗಳು, ತೊಗರಿ ತುಂಬಿದ ಗೋಣಿಚೀಲಗಳ ಬುಡ, ಬೆಕ್ಕು ಮಲಗುವ ಕೌದಿ, ಇವೇ ಅದರ ತೊಟ್ಟಿಲು. ಕೋಶದೊಳಗಿನ ಹುಳು ತಿಂಗಳುಗಟ್ಟಲೆ ಕಾಯಬಲ್ಲದು. ಕೌದಿಯನ್ನು ಕುದಿವ ನೀರಲ್ಲಿ ನೆನೆಸಿ ಒಗೆದು ನಮ್ಮ ಬಿಸಿಲಿಗೆ ಹಾಕಿ. ಫರಸಿ ಸಂದಿನ ದೂಳನ್ನು ಕಡ್ಡಿ ಪೊರಕೆಯಿಂದ ಎಬ್ಬಿಸಿ ಗುಡಿಸಿ, ಬಿಸಿನೀರು ಸುರಿಯಿರಿ. ಚೀಲಗಳನ್ನು ಹಲಗೆಯ ಮೇಲೆ ಎತ್ತಿಡಿ. ಹನಿ ಹಾಕುವುದು, ಮನೆ ಗುಡಿಸುವುದು ಎರಡನ್ನೂ ಕನಿಷ್ಠ ಮೂರು ತಿಂಗಳು ತಪ್ಪದೆ ಮಾಡಬೇಕು. ಒಂದೇ ತಿಂಗಳಿಗೆ ಬಿಟ್ಟವರು ‘ಔಷಧ ಹತ್ತಲಿಲ್ಲ’ ಎಂದು ದೂರುತ್ತಾರೆ.

ಚಿಗಟ ಹೋದರೂ ಅದುರಿದರೆ

ಆಗ ವೈದ್ಯರ ಸರದಿ. ವಿಡಿಯೊ, ಕ್ಯಾಲೆಂಡರು ಎರಡನ್ನೂ ತೋರಿಸಿ. ಬೆನ್ನುಮೂಳೆ ಒತ್ತಿ ನೋಡಿ, ಚರ್ಮ ಕೆರೆದು ನೋಡಿ, ಗುದದ ಪಕ್ಕದ ಗ್ರಂಥಿ ನೋಡಿ ಎಂದು ನೀವೇ ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ಎಕ್ಸ್‌ರೇ, ರಕ್ತ ಪರೀಕ್ಷೆಯವರೆಗೆ ಹೋಗಬೇಕಾದರೆ ಚಿಂಚೋಳಿ ಕಡೆಯವರಿಗೆ ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜು ಇದೆ. ಎಲ್ಲಿ ತೋರಿಸಬೇಕೆಂದು ತಿಳಿಯದಿದ್ದರೆ ಪಶುಸಂಗೋಪನೆಯ 1962 ಸಂಖ್ಯೆಗೆ ಫೋನು ಮಾಡಿ ಕೇಳಿ. ಬೆಕ್ಕನ್ನು ಕೈಯಲ್ಲಿ ಹಿಡಿದು ಬೈಕಿನಲ್ಲಿ ಒಯ್ಯಬೇಡಿ. ತೂತು ಮಾಡಿದ ರಟ್ಟಿನ ಡಬ್ಬಿ, ಒಳಗೊಂದು ಹಳೆಯ ಸೀರೆ ಸಾಕು.

ಕೆರಳಿಸುವ ಸಂಗತಿಗಳು ನಿಮ್ಮ ಕ್ಯಾಲೆಂಡರಿನಲ್ಲೇ ಸಿಗುತ್ತವೆ. ವಾಡಿ, ಶಹಾಬಾದ್ ಕಡೆಯಾದರೆ ಕಲ್ಲುಗಣಿಯ ಸಿಡಿತ, ಎಲ್ಲ ಕಡೆಗೂ ಮೊಹರಂ ಹಲಗೆ, ದೀಪಾವಳಿ ಪಟಾಕಿ, ಮದುವೆಯ ಡಿಜೆ. ಮನೆ ತುಂಬ ನೆಂಟರು. ಇವೆಲ್ಲಕ್ಕಿಂತ ಹೆಚ್ಚಾಗಿ, ಕಿಟಕಿಯಾಚೆ ಬಂದು ಕೂರುವ ಪರ ಗಂಡುಬೆಕ್ಕು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಕಿಟಕಿಯ ಕೆಳ ಅರ್ಧಕ್ಕೆ ರಟ್ಟು ಬಡಿಯಿರಿ. ಸದ್ದಿನ ದಿನಗಳಲ್ಲಿ ಒಳಕೋಣೆಯಲ್ಲಿ ನೀರು, ಉಚ್ಚೆ ಹೊಯ್ಯಲು ಮಣ್ಣು ತುಂಬಿದ ತಟ್ಟೆ, ಮಗುಚಿಟ್ಟ ಬುಟ್ಟಿಯೊಂದನ್ನು ಇಟ್ಟು ಬೆಕ್ಕನ್ನು ಅಲ್ಲೇ ಬಿಡಿ. ಊಟ ದಿನವೂ ಅದೇ ಹೊತ್ತಿಗೆ ಇರಲಿ. ದಿನಕ್ಕೆರಡು ಸಲ ಹತ್ತು ನಿಮಿಷ ದಾರದ ತುದಿಗೆ ಚಿಂದಿ ಕಟ್ಟಿ ಆಡಿಸಿ. ತೊಗರಿಗೆ ಔಷಧ ಹೊಡೆದು ಬಂದ ದಿನ ಪಂಪು, ಬಟ್ಟೆ ಬೆಕ್ಕಿಗೆ ತಾಗದಂತೆ ಹೊರಗೇ ಇರಲಿ.

ಔಷಧಗಳ ಬಗ್ಗೆ ಜಾಗ ಇದ್ದಷ್ಟು ಹೇಳುತ್ತೇನೆ. ಗ್ಯಾಬಪೆಂಟಿನ್, ಫ್ಲೂಆಕ್ಸೆಟಿನ್, ಮೂರ್ಛೆಯ ಅನುಮಾನವಿದ್ದರೆ ಫಿನೋಬಾರ್ಬಿಟಾಲ್, ಹೀಗೆ ವೈದ್ಯರು ಬರೆಯಬಹುದು. ಪ್ರಮಾಣವನ್ನು ಪಕ್ಕದ ಮನೆಯ ಬೆಕ್ಕಿನದು ನೋಡಿ ಕೊಡಬೇಡಿ. ಫ್ಲೂಆಕ್ಸೆಟಿನ್ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಯಾವುದನ್ನೂ ಒಮ್ಮೆಗೇ ನಿಲ್ಲಿಸಬೇಡಿ, ಇಳಿಸುತ್ತ ಬರಬೇಕು. ಬಾಲ ಕಚ್ಚಿ ಗಾಯ ಮಾಡಿಕೊಂಡಿದ್ದರೆ ಬಾಯಿ ಬಾಲಕ್ಕೆ ಎಟುಕದಂತೆ ಕತ್ತಿಗೆ ಅಗಲವಾದ ಕೊರಳಪಟ್ಟಿ ಹಾಕಿಸಿ, ಗಾಯ ಅದೇ ದಿನ ತೋರಿಸಿ. ಪೂರ್ತಿ ಹೋಗದಿದ್ದರೂ ಎಷ್ಟೋ ಬೆಕ್ಕುಗಳಲ್ಲಿ ತೊಂದರೆ ಹತೋಟಿಗೆ ಬರುತ್ತದೆ.

ಚಿಗವ್ವನ ಕ್ಯಾಲೆಂಡರಿನಲ್ಲಿ ಮೊದಲ ವಾರ ದಿನವೂ ಗೀಟು ಇತ್ತು. ಎರಡನೇ ತಿಂಗಳ ಹನಿ ಹಾಕಿದ ಮೇಲೆ ವಾರಕ್ಕೊಂದು. ಮೂರನೆಯದು ಬರುವ ಸೋಮವಾರ ಹಾಕಬೇಕು. ನೆನಪು ಮಾಡಲು ಫೋನು ಮಾಡಿದರೆ, ಪೊಟ್ಟಣ ತಂದಿಟ್ಟಾಗಿದೆ ಎಂದಳು.